ತಳ್ಳಿದರೆ ಮಾತ್ರ ಹೊರಡುವ ವ್ಯಾನು

ಅಮ್ಮ ತೀರಿಕೊಂಡ ಮೇಲೆ ನಮ್ಮ ತ್ಯಾಗರಾಜನಗರದ ಮನೆಯಲ್ಲಿ ಬಾಯಿಬಿಡುತ್ತಿದ್ದದ್ದು ಕುಕ್ಕರ್ ಒಂದೇ. ಮದುವೆಯಾಗಲಿಲ್ಲ, ಅದಕ್ಕೆ ಬೇಸರವೂ ಇಲ್ಲ. ಆದರೆ ಜೀವಮಾನವಿಡೀ ತರಗತಿಯಲ್ಲಿ ‘ಸೈಲೆನ್ಸ್’ ಎಂದು ಕೂಗಿದವಳಿಗೆ ನಿವೃತ್ತಿಯಾದ ಮೇಲೆ ಅದೇ ಸೈಲೆನ್ಸ್ ಮನೆತುಂಬ ಸಿಕ್ಕಿತು. ಅದನ್ನು ತಾಳಲಾರದೆ ದಿನವೂ ಏನಾದರೊಂದು ನೆಪ ಮಾಡಿಕೊಂಡು ಹೊರಗೆ ಹೋಗುತ್ತಿದ್ದೆ.

ಆಗ ಕೊಂಡದ್ದು ಈ ಹಳೆಯ ವ್ಯಾನು. ಬನಶಂಕರಿಯ ಅಡುಗೆ ಕಂಟ್ರಾಕ್ಟರ್ ಒಬ್ಬರು ಮಾರಲಿಟ್ಟಿದ್ದರು. ಜಾರುವ ಬಾಗಿಲನ್ನು ಸೊಂಟದಿಂದ ಗುದ್ದಿದರೆ ಮಾತ್ರ ಮುಚ್ಚುತ್ತದೆ. ಎಡಕ್ಕೆ ತಿರುಗಿಸಿದರೆ ಹಾರ್ನ್ ತಾನಾಗಿಯೇ ಕೂಗುತ್ತದೆ. ಬಿಸಿಲೇರಿದರೆ ಒಳಗೆಲ್ಲ ಹುಳಿಯ ವಾಸನೆ. ನನ್ನ ಪಿಂಚಣಿಗೆ ಎಟುಕುವ ಗಾಡಿ ಎಂಬುದಕ್ಕಿಂತ, ಯಾರ್ಯಾರದೋ ಮದುವೆಗಳಿಗೆಲ್ಲ ಹೋಗಿಬಂದ ಗಾಡಿ ಎನ್ನುವುದೇ ನನಗೆ ಹಿಡಿಸಿತು. ಶೋರೂಮಿನಲ್ಲಿ ನಿಂತ ಹೊಸ ಕಾರಿಗೆ ಹೇಳಿಕೊಳ್ಳಲು ಏನಿರುತ್ತದೆ?

ಅದರ ದೊಡ್ಡ ರೋಗವೆಂದರೆ ಬೆಳಿಗ್ಗೆ ಹೊತ್ತು ಸ್ಟಾರ್ಟ್ ಆಗದಿರುವುದು. ಹಿಂದಿನಿಂದ ತಳ್ಳಬೇಕು, ನಾನು ಎರಡನೇ ಗೇರಿನಲ್ಲಿ ಕ್ಲಚ್ ಬಿಡಬೇಕು. ಮೂಲೆಯ ಇಸ್ತ್ರಿಯವರು ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ಬರುತ್ತಿದ್ದರು. ಎದುರುಮನೆಯ ನಿವೃತ್ತ ಇಂಜಿನಿಯರು, ಅದುವರೆಗೆ ನನಗೆ ಒಂದು ನಮಸ್ಕಾರವನ್ನೂ ಹಾಕದವರು, ಪಂಚೆ ಎತ್ತಿಕಟ್ಟಿ ಗೇಟು ತೆಗೆಯುತ್ತಿದ್ದರು. “ಮೇಡಂ, ಕ್ಲಚ್ ಬೇಗ ಬಿಟ್ರಿ!” ಎಂದು ಇಂಜಿನಿಯರು, “ಸಾರ್, ನೀವು ತಳ್ತಿದೀರೋ ಒರಗಿಕೊಂಡಿದೀರೋ?” ಎಂದು ಇಸ್ತ್ರಿಯವರು. ದಾರಿಹೋಕರೂ ಕೈಹಾಕುತ್ತಿದ್ದರು. ಗಾಡಿ ಹೊಗೆ ಕಾರುತ್ತಾ ಹೊರಟಾಗ ನಾನು ಕಿಟಕಿಯಿಂದ ಕೈಬೀಸುತ್ತಿದ್ದೆ. ಜಯನಗರಕ್ಕೆ ಹೋಗಿ ಒಂದು ಕಟ್ಟು ಸೊಪ್ಪು ತರುವುದಕ್ಕೆ ಇಷ್ಟೆಲ್ಲ ಮೆರವಣಿಗೆ.

ಕಳೆದ ಆಯುಧಪೂಜೆಯ ದಿನವೂ ಗಾಡಿ ಮೊಂಡು ಹಿಡಿದಿತ್ತು. ಚಕ್ರದ ಕೆಳಗಿಟ್ಟ ನಿಂಬೆಹಣ್ಣನ್ನು ತುಳಿಸದೆ ಪೂಜೆ ಮುಗಿಯುವಂತಿಲ್ಲವಲ್ಲ! ಬೀದಿಯೇ ಬಂದು ತಳ್ಳಿತು. ಹಣ್ಣು ಪಚಕ್ಕೆಂದಾಗ ಎಲ್ಲರೂ ಹೋ ಎಂದರು. ನಾನು ತಂದಿದ್ದ ಕಡಲೆಪುರಿ ಸಾಲದೆ ಮತ್ತೆ ಅಂಗಡಿಗೆ ಓಡಿದ್ದೆ.

ಈ ವರ್ಷ ಹಬ್ಬಕ್ಕೆ ಕೆಲವು ವಾರ ಮುಂಚೆ ತಂಗಿಯ ಮಗ ಬಂದ. “ದೊಡ್ಡಮ್ಮಾ, ಈ ವಯಸ್ಸಲ್ಲಿ ಊರವ್ರ ಕೈಲೆಲ್ಲಾ ತಳ್ಳಿಸ್ಕೊಂಡು ಓಡಾಡ್ತೀರಲ್ಲ” ಎಂದು ಬೈದು, ಮೆಕ್ಯಾನಿಕ್ಕನ್ನು ಕರೆಸಿ ಬ್ಯಾಟರಿ, ಸ್ಟಾರ್ಟರ್ ಎಲ್ಲ ಹೊಸದು ಹಾಕಿಸಿ ಹೋದ. ಪ್ರೀತಿಯಿಂದಲೇ ಮಾಡಿಸಿದ್ದು. ಬೇಡ ಎನ್ನಲು ನನ್ನ ಬಳಿ ಹೇಳಿಕೊಳ್ಳುವಂಥ ಕಾರಣವಿರಲಿಲ್ಲ.

ಮಾರನೆಯ ದಿನದಿಂದ ಕೀ ತಿರುಗಿಸಿದರೆ ಸಾಕು, ಗಾಡಿ ಸ್ಟಾರ್ಟ್. ಇಸ್ತ್ರಿಯವರು ದೂರದಿಂದಲೇ ತಲೆಯಾಡಿಸುತ್ತಿದ್ದರು. ಎದುರುಮನೆಯ ಗೇಟು ತೆರೆಯಲೇ ಇಲ್ಲ. ಅವರ ತಪ್ಪೇನು? ಕರೆಯದೆ ಯಾರು ಬರುತ್ತಾರೆ, ಕರೆಯಲು ನನಗೇನು ನೆಪವಿತ್ತು? ಹೊರಗೆ ಹೋಗಿಬಂದ ದಿನವೂ ಯಾರೊಂದಿಗೂ ಒಂದು ಮಾತೂ ಆಡಿರುತ್ತಿರಲಿಲ್ಲ. ಒಂಟಿತನ ಎಂಬುದು ಅಮ್ಮ ಹೋದಾಗಿನದಕ್ಕಿಂತ ಈಗ ಹೆಚ್ಚು ಚುಚ್ಚಿತು.

ಆಯುಧಪೂಜೆ ಬಂತು. ವ್ಯಾನು ತೊಳೆದು, ಚೆಂಡುಹೂವಿನ ಹಾರ ಹಾಕಿ, ಬೂದುಗುಂಬಳ ಒಡೆದು, ನಿಂಬೆಹಣ್ಣು ಇಟ್ಟೆ. ಹೋದ ವರ್ಷದ ಪೇಚು ನೆನೆದು ಈ ಸಲ ಕಡಲೆಪುರಿಯನ್ನು ದೊಡ್ಡ ಚೀಲದಲ್ಲೇ ತಂದಿದ್ದೆ. ಮಂಗಳಾರತಿಗೆ ನಾನೊಬ್ಬಳೇ ಗಂಟೆ ಬಾರಿಸಿ ನಾನೊಬ್ಬಳೇ ಕೈಮುಗಿದೆ. ಕೀ ತಿರುಗಿಸಿದೆ. ಗಾಡಿ ಬೀದಿಗೆಲ್ಲ ಕೇಳುವಂತೆ ಗುರ್ ಎಂದಿತು. ಪಕ್ಕದ ಸೀಟಿನಲ್ಲಿ ಆ ತುಂಬಿದ ಚೀಲ ಕೂತಿತ್ತು. ಅದನ್ನು ನೋಡಿ ನನಗೆ ಅಳು ಬಂತು.

ನಿಂಬೆಹಣ್ಣು ತುಳಿಯುವ ಮೊದಲೇ ಆಫ್ ಮಾಡಿ ಕೆಳಗಿಳಿದೆ.

“ಸ್ವಲ್ಪ ತಳ್ತೀರಾ?” ಎಂದು ಕೂಗಿದೆ. “ಸ್ಟಾರ್ಟ್ ಆಗ್ತಿಲ್ಲ.”

ಇಸ್ತ್ರಿಯವರು ಪೆಟ್ಟಿಗೆ ಪಕ್ಕಕ್ಕಿಟ್ಟರು. ಎದುರುಮನೆಯವರು ಹೊರಬಂದು ಪಂಚೆ ಎತ್ತಿಕಟ್ಟುತ್ತಾ, “ಈಗ್ತಾನೆ ಸ್ಟಾರ್ಟ್ ಆಯ್ತಲ್ಲ ಮೇಡಂ?” ಎಂದರು.

ನಾನು ಕೀಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡೆ. ಆಗಲೇ ವ್ಯಾನಿನ ಹಿಂಬದಿಗೆ ಎರಡೂ ಕೈ ಊರಿದ್ದ ಇಸ್ತ್ರಿಯವರು ಒಮ್ಮೆ ನನ್ನ ಮುಖ ನೋಡಿದರು.

“ಆಗಿಲ್ಲ ಸಾರ್,” ಎಂದರು. “ಬನ್ನಿ, ತಳ್ಳಿ.”