ಸಿದ್ರಕ್ಕನ ಹೇನಿನ ಹಣಿಗೆ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಲೇಟೆ ದ್ವೀಪದ ನಮ್ಮೂರ ಶಾಲೆಯ ಆಯಾ ಇಸಿದ್ರಾ, ಊರಿಗೆಲ್ಲ ಸಿದ್ರಕ್ಕ, ಅಂಗಳ ಗುಡಿಸಿ ಮುಗಿಸಿ ಮೆಟ್ಟಿಲ ಮೇಲೆ ಹುಡುಗಿಯೊಬ್ಬಳ ತಲೆಯಲ್ಲಿ ಹೇನು ಹುಡುಕುತ್ತಿದ್ದಾರೆ. ಅವರ ಬಗ್ಗೆ ಬರೆಯಲು ಬಂದ ನಾನು ಪಕ್ಕದಲ್ಲಿ ಕೂತಿದ್ದೇನೆ. ಹುಡುಗಿಯ ನಿಜವಾದ ಹೆಸರು ಬರೆಯಲಾರೆ, ಲಿಗಾಯಾ ಅನ್ನೋಣ. ಅವಳ ತಲೆಯಲ್ಲಿ ಒಂದು ಹೇನೂ ಇಲ್ಲ. ಆದರೂ ದಿನಾ ಬಂದು ಬೆನ್ನು ತಿರುಗಿಸಿ ಕೂರುತ್ತಾಳೆ.

"ಎದುರಿಗೆ ಕೂರಿಸ್ಕೊಂಡ್ರೆ ಮಕ್ಕಳು ಬಾಯಿ ಬಿಡಲ್ಲ. ನಮ್ಮ ಮುಖ ಬದಲಾದ್ರೆ ಸಾಕು, ಮಾತು ವಾಪಸ್ ನುಂಗ್ತಾವೆ," ಎನ್ನುತ್ತಾರೆ ಸಿದ್ರಕ್ಕ. ಮುಟ್ಟಬಾರದವರು ಮೈ ಮುಟ್ಟಿದ್ದನ್ನು ಕೆಲವು ಮಕ್ಕಳು ಹೀಗೆ ಕೂತೇ ಹೇಳಿದ್ದಾರೆ. ಆಮೇಲೆ ಅವರ ಕೈ ಹಿಡಿದು ಪೊಲೀಸ್ ಠಾಣೆ ಮೆಟ್ಟಿಲು ಹತ್ತಿದವರೂ ಇವರೇ.

ಇದನ್ನು ಕಲಿತಿದ್ದು ಸುಮ್ಮನೆ ಅಲ್ಲ. ಹಿರಿಯರ ಕೈಯನ್ನು ಹಣೆಗೊತ್ತಿಕೊಳ್ಳುವುದೇ ನಮ್ಮಲ್ಲಿ ನಮಸ್ಕಾರ. ಸಿದ್ರಕ್ಕನ ತಂಗಿಯ ಮಗಳು ಒಮ್ಮೆ ಹಬ್ಬದ ದಿನ ಹಿರಿಯನೊಬ್ಬನಿಗೆ ಹಾಗೆ ಮಾಡಲು ಒಪ್ಪಲಿಲ್ಲ. "ಎಷ್ಟು ಸೊಕ್ಕೇ ನಿಂಗೆ ಅಂತ ನಾನೇ ಕತ್ತು ಬಗ್ಗಿಸಿದೆ ಕಣಮ್ಮಾ. ಆಮೇಲೆ ಆ ಮಗು ನಂಗೆ ಏನೂ ಹೇಳ್ಲಿಲ್ಲ. ಆ ಕೈ ಏನು ಮಾಡಿತ್ತು ಅಂತ ಗೊತ್ತಾಗೋ ಹೊತ್ತಿಗೆ ಅವಳು ಊರೇ ಬಿಟ್ಟಿದ್ಲು."

ಹೋದ ಭಾನುವಾರ ಚರ್ಚಿನ ಬಾಗಿಲಲ್ಲಿ ಲಿಗಾಯಾ ಕೂಡ ಸೋದರಮಾವನ ಕೈ ಮುಟ್ಟಲಿಲ್ಲ. ಎಲ್ಲರೂ ಬೈದರು. ಆ ಮನೆ ನಡೆಯುವುದೇ ಅವನ ದುಡ್ಡಿನಲ್ಲಿ. "ಅನ್ನ ಹಾಕೋನ ಮೇಲೆ ಯಾವ ಮಗು ದೂರು ಹೇಳುತ್ತೆ?" ಎನ್ನುತ್ತಾರೆ ಸಿದ್ರಕ್ಕ. ಇವತ್ತು ಬೆಳಗಿನ ಹಡಗಿಗೆ ಅವನು ಅವಳನ್ನು ಮನಿಲಾಕ್ಕೆ ಕರೆದೊಯ್ಯುವವನಿದ್ದಾನೆ. ನಾನು ಸಿದ್ರಕ್ಕನ ಕಿವಿಯತ್ತ ಬಾಗುತ್ತೇನೆ. ಅವಳನ್ನೇ ಕೇಳಿಬಿಡಬಾರದೇ?

"ಸುಮ್ನಿರು," ಸಿದ್ರಕ್ಕ ಪಿಸುಗುಟ್ಟುತ್ತಾರೆ. "ನಾವು ಮಾತನ್ನ ಬಾಯಿಗೆ ತುರುಕಿದ್ರೆ, ನಾಳೆ ಅದು ಅವಳ ಮಾತೇ ಅಲ್ಲ ಅಂತಾರೆ."

ಅಷ್ಟರಲ್ಲಿ ತಾಯಿ ದಾಪುಗಾಲು ಹಾಕುತ್ತಾ ಬರುತ್ತಾಳೆ. "ಏಳೇ! ಗೇಟಲ್ಲಿ ಮಾವ ಕಾಯ್ತಿದ್ದಾನೆ. ಕೈ ಹಣೆಗೊತ್ಕೊಂಡು ತಪ್ಪಾಯ್ತು ಅನ್ನು ನಡಿ."

ಲಿಗಾಯಾ ಎರಡೂ ಕೈಗಳನ್ನು ಲಂಗದಡಿ ಬಚ್ಚಿಡುತ್ತಾಳೆ.

"ಬೇಡದ ಕೈ ಹಿಡಿಯೋದು ಬೇಡ ಬಿಡು," ಎನ್ನುತ್ತಾರೆ ಸಿದ್ರಕ್ಕ. ಎದ್ದು ಹಣಿಗೆಯನ್ನು ತಾಯಿಯ ಕೈಗಿಡುತ್ತಾರೆ. "ಇಲ್ಲಿ ಕೂತು ನೀನು ಬಾಚು. ಏನೇ ಕಿವಿಗೆ ಬಿದ್ರೂ ಕೈ ನಿಲ್ಲಿಸ್ಬೇಡ ತಾಯಿ."

ತಾಯಿ ಮಗಳ ಲಂಗವನ್ನೇ ನೋಡುತ್ತಾಳೆ, ಆಮೇಲೆ ಅವಳ ಬೆನ್ನ ಹಿಂದೆ ಕೂತು ಬಾಚತೊಡಗುತ್ತಾಳೆ. ಸಿದ್ರಕ್ಕ ಪೊರಕೆ ಹಿಡಿದು ಗೇಟಿಗೆ ಅಡ್ಡ ನಿಲ್ಲುತ್ತಾರೆ. ಆಚೆ ಮಾವ ವಾಚು ನೋಡಿಕೊಳ್ಳುತ್ತಿದ್ದಾನೆ.

ಅವರ ಪಕ್ಕ ಹೋಗಿ ನಿಂತು, ನಿಮ್ಮ ಆಸೆ ಏನು ಸಿದ್ರಕ್ಕ ಎಂದು ಕೇಳುತ್ತೇನೆ. ಈ ಹೊತ್ತಲ್ಲಿ ಎಂಥ ಪ್ರಶ್ನೆ, ಥೂ!

"ಆ ತಾಯಿ ನಂಬಲಿ. ನಂಗಿನ್ನೇನು ಬೇಕು?"

ನಮ್ಮ ಹಿಂದೆ ಸಣ್ಣ ದನಿ. "ಅಮ್ಮಾ, ಬೈಯಲ್ಲ ತಾನೆ?"

ಹಣಿಗೆ ನಿಲ್ಲುತ್ತದೆ. ಸಿದ್ರಕ್ಕ ಕಣ್ಣು ಮುಚ್ಚುತ್ತಾರೆ. ಹಣಿಗೆ ಮತ್ತೆ ಓಡುತ್ತದೆ.

"ಬೈಯಲ್ಲ ಮಗಳೇ. ಹೇಳು."