ಮೋತಿಗೆ ತಿಳಿಯುತ್ತಿದ್ದ ಮಾತು

ಅಂದು ಬೆಳಿಗ್ಗೆಯೂ ಎಂದಿನಂತೆ ಹಾಲು ಕಾಯಿಸಿ, ರೊಟ್ಟಿಯ ಮೊದಲ ತುಂಡನ್ನು ನಮ್ಮ ನಾಯಿ ಮೋತಿಗೆ ಹಾಕಿದೆ. ನಮ್ಮ ಯಜಮಾನರಿಗೆ ಇಂಗ್ಲೆಂಡಿನಲ್ಲಿ ಕೆಲಸ ಸಿಕ್ಕಿತ್ತು. ಹೊರದೇಶದ ನಾಯಿಯನ್ನು ಹುಚ್ಚುನಾಯಿ ರೋಗದ ಭಯಕ್ಕೆ ಆರು ತಿಂಗಳು ಬೇರೆಯಾಗಿ ಕೂಡಿಹಾಕುವುದು ಅಲ್ಲಿನ ಕಾನೂನು. ಅಪರಿಚಿತರ ನಡುವೆ ಅದು ಕೊರಗುವುದಕ್ಕಿಂತ ನಮ್ಮೂರು ವಾಡಿಯಲ್ಲೇ ಯಾರಿಗಾದರೂ ಕೊಟ್ಟುಹೋಗುವುದು ಮೇಲೆಂದು ಮನಸ್ಸು ಅರ್ಧ ಒಪ್ಪಿತ್ತು.

ಲಸಿಕೆ ಹಾಕಲು ಶಹಾಬಾದಿನಿಂದ ದನದ ಡಾಕ್ಟರು ಬಂದರು. ಎಮ್ಮೆಯಿರಲಿ, ಕುರಿಯಿರಲಿ, ಯಾವ ಪ್ರಾಣಿಯನ್ನೂ ಅವರು ಏಕವಚನದಲ್ಲಿ ಕರೆದವರಲ್ಲ. ಸೂಜಿ ಮರೆಮಾಡಿ, ಮೊದಲು ಅಂಗೈ ಮೂಸಲು ಕೊಟ್ಟು, "ಕುಂದ್ರಿ ಸಾಹೇಬ್ರ, ಕುಂದ್ರಿ" ಎಂದರು. ಮರಿಯಾಗಿದ್ದಾಗಿನಿಂದ ಅವರ ಮಾತು ಕೇಳಿ ಬೆಳೆದ ಮೋತಿ ತಟ್ಟನೆ ಕುಳಿತಿತು. ನನ್ನ ಕಾನ್ವೆಂಟಿನ 'ಸಿಟ್'ಗೆ ಅದು ಬಾಲವಷ್ಟೇ ಆಡಿಸುತ್ತಿತ್ತು.

ನನ್ನ ಅಳುಕು ಕೇಳಿ ಡಾಕ್ಟರು ಮೋತಿಯ ಕಿವಿ ನೀವಿದರು. "ಬಿಟ್ಟು ಹೋಗಬ್ಯಾಡ್ರಿ, ತಾಯಿ. ಯಾವ ಊರಾದ್ರೇನ್ರಿ, ತಿಳಿಯೋ ಮಾತೊಂದಿದ್ರ ಇವರು ಬದುಕ್ತಾರ. ನಿಮಗ ಇಂಗ್ಲಿಷ್ ಬರ್ತದಲ್ಲ, ಇವರಿಗೆ ತಿಳಿಯೋ ಮಾತು ಪೆಟಗಿ ಮ್ಯಾಲ ಬರದು ಕಳಸ್ರಿ."

ಮೋತಿ ಪ್ರಯಾಣಿಸಬೇಕಿದ್ದ ಮರದ ಪೆಟ್ಟಿಗೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ 'ಕುಂದ್ರಿ', 'ಬರ್ರಿ', 'ಉಣ್ರಿ' ಎಂದು ದುಂಡಗೆ ಬರೆದು, ಅರ್ಥವನ್ನೂ ಬರೆದೆ. ಆರು ತಿಂಗಳ ಬಳಿಕ ಮೋತಿ ಗಟ್ಟಿಮುಟ್ಟಾಗಿಯೇ ನಮ್ಮ ಕೈಸೇರಿತು. ಆ ಋಣ ಡಾಕ್ಟರದೇ.

ಪೆಟ್ಟಿಗೆಯ ಮೇಲೆ ಬರೆದ ದಿನದ ಸಂಜೆ ಮಾತ್ರ ಪಕ್ಕದ ಮನೆಯ ಖಾಲಾ ಪೆಟ್ಟಿಗೆಯ ಬರಹವನ್ನು ನನ್ನಿಂದ ಓದಿಸಿಕೊಂಡು, ಒಣಗಿದ ಬಟ್ಟೆ ಮಡಚುತ್ತಲೇ ಅಂದರು: "ಹಂಗಾದ್ರ ವಿಲಾಯತಿ ಸಾಹೇಬ್ರು ನಮ್ಮ ನಾಯಿಗಿ 'ರೀ' ಹಚ್ಚಿ ಮಾತಾಡ್ತಾರನ್ನು, ಬೇಟಿ!"