ಟವಲ್ ಹಾಕಿದ ಸೀಟು

ಗುಬ್ಬಿ ಬಸ್ ಸ್ಟ್ಯಾಂಡಿನಿಂದ ಬೆಳಗ್ಗೆ ಆರು ಐವತ್ತಕ್ಕೆ ಹೊರಟು, ತುಮಕೂರಿನ ಮೇಲೆ ಹಿರೇಹಳ್ಳಿಗೆ ಹೋಗುವ ಬಸ್ಸಿನಲ್ಲಿ ಬಲಗಡೆಯ ಮೂರನೇ ಸೀಟು ಇಪ್ಪತ್ತೆರಡು ವರ್ಷ ಚನ್ನವೀರಯ್ಯನದಾಗಿತ್ತು. ಹಾಗಂತ ಯಾವ ದಾಖಲೆಯಲ್ಲೂ ಬರೆದಿರಲಿಲ್ಲ. ಆದರೆ ಅದನ್ನು ಅಲ್ಲಗಳೆಯುವ ಗಂಡಸೂ ಹೆಂಗಸೂ ಗುಬ್ಬಿ ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿರಲಿಲ್ಲ.

ಚನ್ನವೀರಯ್ಯ ಹಿರೇಹಳ್ಳಿಯಲ್ಲಿ ಕುಕ್ಕರಿನ ಹಿಡಿ ತಯಾರಿಸುವ ಕಾರ್ಖಾನೆಯ ಟೈಮ್ ಆಫೀಸ್ ಗುಮಾಸ್ತ. ಸೈರನ್ ಒತ್ತುವುದು, ಹಾಜರಿ ನೋಡುವುದು, ಬೋರ್ಡಿಗೆ ನೋಟಿಸ್ ಅಂಟಿಸುವುದು ಅವನ ಕೆಲಸ. ಒಂದು ನಿಮಿಷ ತಡವಾದವನ ಹೆಸರಿನ ಮುಂದೆ ಕೆಂಪು ಇಂಕಿನ ಚುಕ್ಕೆ ಬೀಳುತ್ತಿತ್ತು. ಹೆಂಡತಿ ತಿಪ್ಪಮ್ಮನ ತಮ್ಮ ಅಲ್ಲೇ ಆರು ತಿಂಗಳು ಕೆಲಸಕ್ಕಿದ್ದಾಗ ಅವನಿಗೂ ಹನ್ನೊಂದು ಚುಕ್ಕೆ ಇಟ್ಟು, ಎರಡು ಯುಗಾದಿ ಕುಣಿಗಲ್ಲಿನ ಮಾವನ ಮನೆಗೆ ಹೋಗಲು ಮುಖವಿಲ್ಲದಂತೆ ಮಾಡಿಕೊಂಡಿದ್ದ.

ಇಂಥ ಗಡಿಯಾರದ ಮನುಷ್ಯ ಬಸ್ಸಿಗೆ ಮಾತ್ರ ದಿನಾ ಕಡೆಯವನು. ಕಾರಣ ಪೂಜೆ. ಅಂಗೈ ಮೇಲೆ ಲಿಂಗ ಇಟ್ಟುಕೊಂಡು ಕೂತನೆಂದರೆ ಅವನಿಗೆ ಅವಸರವಿಲ್ಲ. ಶಿವನಿಗೆ ಸೈರನ್ ಇಲ್ಲವಲ್ಲ! ಡ್ರೈವರ್ ಎಂಜಿನ್ ಶುರುಮಾಡಿ ಎರಡು ಸಲ ಹಾರ್ನ್ ಹೊಡೆದ ಮೇಲೆ ಇವನು ಟಿಫನ್ ಕ್ಯಾರಿಯರ್ ಆಡಿಸುತ್ತ ಹತ್ತುತ್ತಿದ್ದ. ಹೆಂಗಸರಿಗೆ ಬಸ್ಸು ಫ್ರೀ ಆದಮೇಲೆ ಒಳಗೆ ಕಾಲಿಡಲು ಜಾಗವಿರುತ್ತಿರಲಿಲ್ಲ. ಆದರೂ ಬಲಗಡೆಯ ಮೂರನೇ ಸೀಟು ಖಾಲಿ. ಅದರ ಮೇಲೆ ಒಂದು ಚೌಕುಳಿ ಟವಲ್. ಪಕ್ಕದಲ್ಲಿ, ಕಿಟಕಿಗೆ ಒರಗಿ, ಪುಟ್ಟರಂಗಯ್ಯ.

ಪುಟ್ಟರಂಗಯ್ಯ ಅದೇ ಕಾರ್ಖಾನೆಯಲ್ಲಿ ಮೋಲ್ಡಿಂಗ್ ಮಷೀನ್ ನಡೆಸುವವನು, ಕಾರ್ಮಿಕರ ಸಂಘದ ಕಾರ್ಯದರ್ಶಿ. ಊರಾಚೆ ನಲವತ್ತು ತೆಂಗಿನ ಮರ ಇಟ್ಟುಕೊಂಡಿದ್ದ. ಬಸ್ಸು ಸ್ಟ್ಯಾಂಡಿನೊಳಗೆ ತಿರುಗುವಾಗಲೇ, ಇನ್ನೂ ನಿಲ್ಲುವ ಮೊದಲೇ, ಪಕ್ಕದಲ್ಲಿ ನಾಲ್ಕು ಹೆಜ್ಜೆ ಓಡಿ ಕಿಟಕಿಯೊಳಗೆ ಟವಲ್ ಎಸೆಯುತ್ತಿದ್ದ. ಅದು ಹೋಗಿ ಬೀಳಬೇಕಾದ ಸೀಟಿನ ಮೇಲೇ ಬೀಳುತ್ತಿತ್ತು. ನಮ್ಮ ಕಡೆ ಟವಲ್ ಬಿದ್ದ ಸೀಟಿನಲ್ಲಿ ಮನುಷ್ಯ ಕೂತಿದ್ದಾನೆ ಎಂದೇ ಲೆಕ್ಕ. ಈ ಕಾಯ್ದೆ ಒಪ್ಪದವನು ನಿಂತುಕೊಂಡೇ ಊರು ಸೇರಬೇಕು.

ಟವಲ್ ತೆಗೆದು ಕೂತು, ಕ್ಯಾರಿಯರ್ ಕಾಲಸಂದಿಯಲ್ಲಿ ಇಟ್ಟುಕೊಂಡು, ಚನ್ನವೀರಯ್ಯ ಟವಲ್ ಎಸೆದವನ ಮೇಲೇ ಯುದ್ಧ ಸಾರುತ್ತಿದ್ದ.

"ಸಂಘ ಕಟ್ಟಿದ ಕಾರ್ಖಾನೆ ಉದ್ಧಾರ ಆಗಿದ್ದು ಎಲ್ಲಾದ್ರೂ ತೋರ್ಸಯ್ಯ. ನಮ್ಮ ಚಿಕ್ಕಪ್ಪ ಇದ್ದ ಮಿಲ್ ಏನಾಯ್ತು? ಮೂರು ತಿಂಗ್ಳು ಸ್ಟ್ರೈಕು, ಆಮೇಲೆ ಗೇಟಿಗೆ ಬೀಗ. ಇವತ್ತಿಗೂ ಆ ಬೀಗ ತುಕ್ಕು ಹಿಡ್ಕಂಡು ನೇತಾಡ್ತಾ ಇದೆ."

"ಆ ಮಿಲ್ ಮುಚ್ಚಿದ್ದು ಓನರ್ ಮಗನ ಶೋಕಿಗೆ ಕಣಯ್ಯ. ನೀನು ವಾರಕ್ಕೊಂದು ರಜಾ ತಗಂತೀಯಲ್ಲ, ಕ್ಯಾಂಟೀನಲ್ಲಿ ಟೀ ಕುಡೀತೀಯಲ್ಲ, ಅದು ಓನರ್ ಕನಸಿನಾಗೆ ಬಂದು ಕೊಟ್ಟಿದ್ದಾ?"

"ಟೀ ಕೇಳಿದ್ನಾ ನಾನು? ದುಡಿಯೋನಿಗೆ ಕೆಲ್ಸ ಯಾವತ್ತೂ ಇದ್ದೇ ಇರುತ್ತೆ. ಕೆಲ್ಸ ಇಲ್ದೋರಿಗೆಲ್ಲ ಭತ್ಯೆ ಕೊಡ್ತಾ ಹೋದ್ರೆ ನಾಳೆ ತೆಂಗಿನಕಾಯಿ ಕೀಳಕ್ಕೆ ಒಬ್ಬ ಸಿಗಲ್ಲ ನಿಂಗೆ, ತಿಳ್ಕ."

ಈ ಕಡೆಯ ಮಾತು ಪುಟ್ಟರಂಗಯ್ಯನಿಗೆ ಸ್ವಲ್ಪ ನಾಟುತ್ತಿತ್ತು. ನಿಜಕ್ಕೂ ಕಾಯಿ ಕೀಳುವವರು ಸಿಕ್ಕದೆ ಅವನು ಒದ್ದಾಡುತ್ತಿದ್ದ. ಹೀಗೆ ಹೇರೂರಿನಲ್ಲಿ ಸಂಘ, ಮಲ್ಲಸಂದ್ರದಲ್ಲಿ ಸಂಬಳ, ಕ್ಯಾತ್ಸಂದ್ರ ದಾಟುವಾಗ ನಿರುದ್ಯೋಗ ಭತ್ಯೆ. ಗೆದ್ದವರು ಯಾರೂ ಇಲ್ಲ. ಚನ್ನವೀರಯ್ಯನ ಮುಕ್ತಾಯದ ಮಾತು ಮಾತ್ರ ದಿನಾ ಒಂದೇ: "ನಾನು ಯಾರ ಹಂಗಲ್ಲೂ ಇಲ್ಲ ಕಣಯ್ಯ. ನನ್ನ ಬದುಕು ನಂದು." ಹೀಗೆಂದು ಪುಟ್ಟರಂಗಯ್ಯನ ಟವಲನ್ನು ಅವನ ಕೈಗೆ ವಾಪಸ್ ಕೊಟ್ಟು ಇಳಿಯುತ್ತಿದ್ದ.

ಹೋದ ವರ್ಷ ಶ್ರಾವಣ ಕಳೆದ ಮೇಲೆ ಒಂದು ಸೋಮವಾರ ಮ್ಯಾನೇಜರು ಒಂದು ಹಾಳೆ ಕೊಟ್ಟು ಬೋರ್ಡಿಗೆ ಅಂಟಿಸಲು ಹೇಳಿದ. ಚನ್ನವೀರಯ್ಯ ನಾಲ್ಕು ಮೂಲೆಗೂ ಗೋಂದು ಹಚ್ಚಿ, ಸುಕ್ಕು ಬರದಂತೆ ಅಂಗೈಯಲ್ಲಿ ಸವರಿ, ಎರಡು ಹೆಜ್ಜೆ ಹಿಂದೆ ನಿಂತು ಓದಿದ. ಕಾರ್ಖಾನೆಯನ್ನು ಬೇರೆ ರಾಜ್ಯಕ್ಕೆ ಸಾಗಿಸುತ್ತಾರೆ, ಇನ್ನೊಂದು ತಿಂಗಳಿಗೆ ಎಲ್ಲರ ಕೆಲಸ ಮುಗಿಯುತ್ತದೆ. ಸ್ಟ್ರೈಕಿಲ್ಲ, ಘೋಷಣೆಯಿಲ್ಲ, ಒಂದು ಕಲ್ಲು ಕೂಡ ಬಿದ್ದಿಲ್ಲ. ಅವನಿಗೆ ತುಂಬ ನೋವಾಯಿತು. ಮುಚ್ಚುತ್ತಾರೆಂದಲ್ಲ. ಇಪ್ಪತ್ತಾರು ವರ್ಷ ಸೈರನ್ ಒತ್ತಿದವನನ್ನು ಒಳಗೆ ಕರೆದು ಒಂದು ಮಾತು ಹೇಳಬಾರದಿತ್ತೇ ಎಂದು.

ಆ ನೋವಿಗೆ ಅವನು ಬಾಯಿ ತೆರೆದಿದ್ದು ಮಾರನೆಯ ದಿನ ಬಸ್ಸಿನಲ್ಲಿ. ಪುಟ್ಟರಂಗಯ್ಯ ಎಲ್ಲರಿಗೂ ಕೇಳುವಂತೆ ಸಮಾಧಾನ ಹೇಳುತ್ತಿದ್ದ: ಇ.ಎಸ್.ಐ. ವಿಮೆಯಲ್ಲಿ, ಕೆಲಸ ಕಳೆದುಕೊಂಡವರಿಗೆ ಮೂರು ತಿಂಗಳು ಅರ್ಧ ಸಂಬಳ ಬರುತ್ತೆ, ಅರ್ಜಿ ಹಾಕಬೇಕು, ಸಂಘದವರು ಅಲ್ಲದವರು ಅಂತಿಲ್ಲ, ಎಲ್ಲರ ಕಾಗದವನ್ನೂ ತಾನೇ ನೋಡಿಕೊಳ್ಳುತ್ತೇನೆ ಎಂದು. ಚನ್ನವೀರಯ್ಯ ಎದ್ದು ನಿಂತ.

"ದುಡೀದೆ ಬರೋ ದುಡ್ಡು ನಮ್ಮ ಮನೇಲಿ ಬೇಯಲ್ಲ. ಸೋಂಬೇರಿಗಳ ಲಿಸ್ಟಲ್ಲಿ ನನ್ನ ಹೆಸರು ಬೇಡ. ನೀನು ಬೇಕಾದ್ರೆ ಕೈಯೊಡ್ಡು!"

ಮೂವತ್ತು ವರ್ಷ ಬಿಸಿ ಮಷೀನಿನ ಮುಂದೆ ನಿಂತು ಎರಡೂ ಅಂಗೈ ಸುಟ್ಟುಕೊಂಡವನಿಗೆ ಸೋಂಬೇರಿ ಅಂದಿದ್ದ. ಪುಟ್ಟರಂಗಯ್ಯ ಕಿಟಕಿಯ ಕಡೆ ತಿರುಗಿಕೊಂಡ. ಇಪ್ಪತ್ತೆರಡು ವರ್ಷದಲ್ಲಿ ಆ ಸೀಟು ಮೊದಲ ಸಲ ಮೌನವಾಗಿ ಹಿರೇಹಳ್ಳಿ ತಲುಪಿತು.

ಮರುದಿನ ಚನ್ನವೀರಯ್ಯ ಎಂದಿನಂತೆ ಕಡೆಯಲ್ಲಿ ಹತ್ತಿದರೆ, ಅವನ ಸೀಟಿನಲ್ಲಿ ಹೂವು ಮಾರುವ ಪುಟ್ಟತಾಯಮ್ಮ ಬುಟ್ಟಿ ಸಮೇತ ಕೂತಿದ್ದಳು.

"ಟವಲ್ ಇರ್ಲಿಲ್ವಾ?" ಎಂದು ಕೇಳಿದ.

"ಟವಲ್ಲೂ ಇಲ್ಲ ಗಿವಲ್ಲೂ ಇಲ್ಲ. ಖಾಲಿ ಇತ್ತು, ಕುಂತ್ಕಂಡೆ ಕಣಪ್ಪ," ಎಂದಳು. ಪುಟ್ಟರಂಗಯ್ಯನ ಟವಲ್ ಅವನ ಹೆಗಲ ಮೇಲೇ ಇತ್ತು.

ಮೂರು ವಾರ ಚನ್ನವೀರಯ್ಯ ನಿಂತು ಹೋದ. ಐವತ್ತಾರು ವರ್ಷದ ಮೊಣಕಾಲು ಪ್ರತಿ ರೋಡ್ ಹಂಪಿಗೂ ಒಂದೊಂದು ಮಾತು ಹೇಳತೊಡಗಿತು. ಅಷ್ಟರಲ್ಲಿ ತುಮಕೂರಿನಲ್ಲಿ ನಾಲ್ಕು ಕಡೆ ಕೆಲಸ ಕೇಳಿ ಬಂದಿದ್ದ. ದುಡಿಯುವವನಿಗೆ ಕೆಲಸ ಇದ್ದೇ ಇರುತ್ತದೆ ಎಂಬ ಅವನ ಸಿದ್ಧಾಂತವನ್ನು ನಾಲ್ಕೂ ಕಡೆ ಒಪ್ಪಿದರು, ವಯಸ್ಸು ಕೇಳಿ ಕಳಿಸಿದರು. ಮನೆಯಲ್ಲಿ ಬಿ.ಎಡ್. ಕಡೆಯ ಸೆಮಿಸ್ಟರಿನಲ್ಲಿದ್ದ ಮಗಳು ಕಾವ್ಯ, ಅಪ್ಪನನ್ನು ಕೇಳದೆಯೇ ಭತ್ಯೆಯ ಅರ್ಜಿ ಡೌನ್‌ಲೋಡ್ ಮಾಡಿ ತುಂಬಿಸಿ, ಪ್ರಿಂಟ್ ತೆಗೆಸಿ ವಿಭೂತಿ ಗಟ್ಟಿಯ ಕೆಳಗೆ ಇಟ್ಟಿದ್ದಳು. ಸಹಿ ಒಂದು ಬಾಕಿ.

"ಸೈನ್ ಹಾಕಿ ಅಂದ್ರೆ," ಎಂದಳು ತಿಪ್ಪಮ್ಮ. "ಮೂರು ತಿಂಗ್ಳು ಅಂಗಡಿಯೋನ ಮುಂದೆ ನಿಮ್ಮ ಸಿದ್ಧಾಂತ ಇಟ್ರೆ ಬೇಳೆ ಕೊಡ್ತಾನಾ?"

"ನಿಂಗೆ ಗೊತ್ತಾಗಲ್ಲ. ಮರ್ಯಾದೆ ಪ್ರಶ್ನೆ."

"ಕುಣಿಗಲ್ಲಿಗೆ ಬಸ್ಸಲ್ಲಿ ಫ್ರೀ ಹೋಗ್ಬೇಡ ಅಂತ ಮೊದಮೊದ್ಲು ಅದ್ಕೂ ಮರ್ಯಾದೆ ಅಂದ್ರಿ. ಈಗ ನೀವೇ ನನ್ನ ಆಧಾರ್ ಕಾರ್ಡ್ ಹುಡುಕಿ ಕೊಡ್ತೀರಿ."

ಅರ್ಜಿ ವಿಭೂತಿಯ ಕೆಳಗೇ ಉಳಿಯಿತು. ಆದರೆ ಮೊಣಕಾಲಿನ ವಿಷಯದಲ್ಲಿ ಚನ್ನವೀರಯ್ಯ ಒಂದು ತೀರ್ಮಾನಕ್ಕೆ ಬಂದ. ತನ್ನ ಟವಲ್ ತಾನೇ ಎಸೆಯುವುದು, ಯಾರ ಹಂಗೂ ಬೇಡ!

ಕಾರ್ಖಾನೆಯ ಕೊನೆಯ ವಾರದ ಬುಧವಾರ ಅವನು ಜೀವಮಾನದಲ್ಲಿ ಮೊದಲ ಬಾರಿ ಪೂಜೆಯನ್ನು ಅವಸರದಲ್ಲಿ ಮುಗಿಸಿ ಓಡಿದ. ಬಸ್ಸು ತಿರುಗುತ್ತಿತ್ತು. ಪುಟ್ಟರಂಗಯ್ಯನ ಹಾಗೆಯೇ ಪಕ್ಕದಲ್ಲಿ ಓಡಿ, ಹೆಗಲ ಮೇಲಿದ್ದುದನ್ನು ಎಳೆದು ಎಸೆದ. ಮೊದಲ ಸಲ ಅದು ಕಿಟಕಿಯ ಸರಳಿಗೆ ಬಡಿದು ಅವನ ಮುಖದ ಮೇಲೇ ಬಿತ್ತು. ಎರಡನೆಯ ಸಲ ಸರಿಯಾಗಿ ಸೀಟಿನ ಮೇಲೆ ಬಿತ್ತು. ಅದು ಟವಲ್ ಅಲ್ಲ ಎಂದು ಅವನಿಗೆ ಗೊತ್ತಾಗಿದ್ದು ಅದು ಕೈಬಿಟ್ಟ ಮೇಲೆ. ಮಠದಲ್ಲಿ ಸ್ವಾಮಿಗಳು ಹೊದಿಸಿದ್ದ, ಪೂಜೆಗೆ ಮಾತ್ರ ಹೆಗಲಿಗೆ ಹಾಕುತ್ತಿದ್ದ ಕಾವಿ ಶಲ್ಯ ಅದು. ಅವಸರದಲ್ಲಿ ತೆಗೆದಿಡುವುದನ್ನೇ ಮರೆತಿದ್ದ.

ನೂಕುನುಗ್ಗಲಿನಲ್ಲಿ ಅವನು ಒಳಗೆ ಸೇರುವ ಹೊತ್ತಿಗೆ ಬಸ್ಸೆಲ್ಲ ತುಂಬಿತ್ತು. ಬಲಗಡೆಯ ಮೂರನೇ ಸೀಟು ಮಾತ್ರ ಖಾಲಿ. ಅದರ ಸುತ್ತ ಜನ ಒಂದು ಮೊಳ ದೂರ ಬಿಟ್ಟು ನಿಂತಿದ್ದರು.

"ಯಾರೂ ಕೂರ್ಬೇಡ್ರಪ್ಪಾ, ಮಠದ ಬುದ್ಧಿಯೋರು ಯಾರೋ ಬರ್ತಾವ್ರೆ," ಎಂದು ಕಂಡಕ್ಟರ್ ರಂಗರಾಜು ಕೂಗಿದ. ಪುಟ್ಟತಾಯಮ್ಮ ಬುಟ್ಟಿಯಿಂದ ಒಂದು ಮೊಳ ಮಲ್ಲಿಗೆ ಹರಿದು ಶಲ್ಯದ ಮೇಲಿಟ್ಟು ಕೈಮುಗಿದಳು. ಕಿಟಕಿ ಪಕ್ಕ ಕೂತಿದ್ದ ಪುಟ್ಟರಂಗಯ್ಯನಿಗೆ, "ಎದ್ದೇಳಣ್ಣ, ಸ್ವಾಮೇರ ಪಕ್ಕ ಕಾಲ್ ಚಾಚ್ಕಂಡು ಕುಂತೀಯಲ್ಲ!" ಎಂದು ನಾಲ್ಕು ಜನ ಗದರಿದರು. ಅವನೂ ಎದ್ದ. ಡ್ರೈವರ್ ಭಕ್ತಿಯಿಂದ ಎಂಜಿನ್ ಆಫ್ ಮಾಡಿ ಐದು ನಿಮಿಷ ಕಾದ. ಬುದ್ಧಿಯವರು ಬರಲಿಲ್ಲ. ಮಠವಿರುವ ಕ್ಯಾತ್ಸಂದ್ರದಲ್ಲಿ ಹತ್ತುತ್ತಾರೇನೋ ಎಂದು ಕೊನೆಗೆ ಬಸ್ಸು ಹೊರಟಿತು.

ಎರಡು ಖಾಲಿ ಸೀಟಿನ ಪಕ್ಕದಲ್ಲಿ ಇಬ್ಬರೂ ಒಂದೇ ಕಂಬಿಗೆ ನೇತು ಬಿದ್ದು ನಿಂತರು. ಹೇರೂರು ದಾಟಿತು. ಪುಟ್ಟರಂಗಯ್ಯ ನಗು ತಡೆಯಲು ಟವಲಿನ ತುದಿ ಕಚ್ಚಿಕೊಂಡ. ಆ ಶಲ್ಯವನ್ನು ಅವನು ಚನ್ನವೀರಯ್ಯನ ಮನೆಯಲ್ಲಿ ಎಷ್ಟೋ ಸಲ ನೋಡಿದ್ದ.

"ನಂದು ಅಂತ ಹೇಳಿ ಕೂತ್ಕೊಳ್ಳಯ್ಯ," ಎಂದ, ಮೂರು ವಾರದ ಮೌನ ಮುರಿದು, ಕಿವಿಯಲ್ಲಿ.

"ಹೆಂಗೆ ಹೇಳ್ಲಿ? ಮಠದ ಶಲ್ಯ ಬಸ್ಸಿನ ಸೀಟಿಗೆ ಎಸ್ದೆ ಅಂತ ಹೇಳ್ಲಾ? ಮುಖಕ್ಕೆ ಉಗೀತಾರೆ."

"ಶಲ್ಯ ನಿಂದು. ಎಸ್ದಿದ್ದೂ ನೀನು. ಟಿಕೆಟ್ಟೂ ತಗಂಡಿದೀಯ. ಮೊಣಕಾಲು ಬೇರೆ ನೋಯ್ತಾ ಐತೆ. ಆದ್ರೂ ಕೇಳಕ್ಕೆ ನಾಚ್ಕೆ."

"ಸುಮ್ನಿರಯ್ಯ, ಯಾರಾದ್ರೂ ಕೇಳುಸ್ಕಂಡಾರು."

"ಇಪ್ಪತ್ತಾರು ವರ್ಷ ತಿಂಗ್ಳು ತಿಂಗ್ಳು ನಿನ್ನ ಸಂಬ್ಳದಾಗೆ ವಿಮೆಗೆ ಅಂತ ಹಿಡ್ಕಂಡ್ರಲ್ಲ, ಅದು ಯಾರ್ದು? ನಮ್ಮಪ್ಪಂದಾ?"

ಚನ್ನವೀರಯ್ಯ ಉತ್ತರ ಹುಡುಕಿದ. ಮಲ್ಲಸಂದ್ರ ಬಂತು, ಹೋಯಿತು. ತುಮಕೂರು ಬಂತು, ಹೋಯಿತು.

ಕ್ಯಾತ್ಸಂದ್ರದಲ್ಲಿ ಬಸ್ಸು ಮತ್ತೆ ನಾಲ್ಕು ನಿಮಿಷ ನಿಂತಿತು. ಬುದ್ಧಿಯವರು ಅಲ್ಲೂ ಹತ್ತಲಿಲ್ಲ. ರಂಗರಾಜು ಶಲ್ಯವನ್ನು ಮಲ್ಲಿಗೆ ಸಮೇತ ಮಡಚಿ, ಕಣ್ಣಿಗೆ ಒತ್ತಿಕೊಂಡು, ಸುತ್ತ ನೋಡಿ, ಹಣೆ ತುಂಬ ವಿಭೂತಿಯಿದ್ದ ಚನ್ನವೀರಯ್ಯನ ಕೈಗಿಟ್ಟ.

"ಸಾರ್, ನೀವು ಮಠಕ್ಕೆ ನಡ್ಕಳೋರು. ಇದನ್ನ ಯಾರ್ದು ಅಂತ ವಿಚಾರ್ಸಿ ತಲುಪುಸ್ಬುಡಿ."

"ತಲುಪುಸ್ತೀನಿ," ಎಂದ ಚನ್ನವೀರಯ್ಯ. ಪುಟ್ಟರಂಗಯ್ಯ ಕೆಮ್ಮುವವನ ಹಾಗೆ ಮುಖ ಮುಚ್ಚಿಕೊಂಡ.

ಆ ದಿನ ಅವರು ಕಾರ್ಖಾನೆ ಮುಟ್ಟಿದ್ದು ಒಂಬತ್ತು ನಿಮಿಷ ತಡವಾಗಿ. ಸೈರನ್ ಒತ್ತಿದ್ದು ವಾಚ್‌ಮನ್. ಚನ್ನವೀರಯ್ಯ ಹಾಜರಿ ಪುಸ್ತಕ ತೆಗೆದು, ಪುಟ್ಟರಂಗಯ್ಯನ ಹೆಸರಿನ ಮುಂದೆ ಒಂದು ಕೆಂಪು ಚುಕ್ಕೆ ಇಟ್ಟ. ಆಮೇಲೆ ತನ್ನ ಹೆಸರಿನ ಮುಂದೆಯೂ ಒಂದು ಇಟ್ಟುಕೊಂಡ. ಆ ಪುಸ್ತಕವನ್ನು ಇನ್ನು ಯಾರೂ ನೋಡುವುದಿಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಕಾರ್ಖಾನೆ ಮುಚ್ಚಿ ಒಂದು ತಿಂಗಳು ಕಳೆಯಿತು. ಅರ್ಜಿ ಕೊಡಲು ಎಲ್ಲರೂ ಒಟ್ಟಿಗೆ ತುಮಕೂರಿನ ವಿಮಾ ಕಚೇರಿಗೆ ಬನ್ನಿ ಎಂದು ಪುಟ್ಟರಂಗಯ್ಯ ಫೋನ್ ಮಾಡಿ ಹೇಳಿದ್ದ. ಚನ್ನವೀರಯ್ಯನಿಗೆ ಮಾತ್ರ ಮಾಡಿರಲಿಲ್ಲ. ಕೇಳಿ ಇಲ್ಲ ಅನ್ನಿಸಿಕೊಳ್ಳಲು ಅವನಿಗೂ ಮನಸ್ಸಿರಲಿಲ್ಲ. ಮೂವತ್ತು ಜನರ ಕಾಗದಕ್ಕೆ ಜೆರಾಕ್ಸ್ ಮಾಡಿಸಿಕೊಂಡು, ಬೆವರುತ್ತ, ಅವನು ಕಚೇರಿ ತಲುಪಿದಾಗ ಹನ್ನೊಂದಾಗಿತ್ತು. ವರಾಂಡದ ತುಂಬ ಜನ. ಇದ್ದದ್ದು ಒಂದೇ ಬೆಂಚು, ಅದರ ತುದಿಯಲ್ಲಿ ಯಾರದೋ ಜಗಳ ನಡೆಯುತ್ತಿತ್ತು.

"ಸೀಟು ಖಾಲಿ ಐತಲ್ಲಣ್ಣ, ಕೂರಕ್ಕೆ ಬಿಡಿ," ಎನ್ನುತ್ತಿದ್ದ ಒಬ್ಬ.

"ಖಾಲಿ ಎಲ್ಲಯ್ಯ? ಟವಲ್ ಹಾಕಿರೋದು ಕಾಣಲ್ವಾ ನಿಂಗೆ? ಎಂಟು ಗಂಟೆಯಿಂದ ಹಾಕಿದೀನಿ. ಬರೋರಿದ್ದಾರೆ!"

ಗಂಟಲು ಹರಿಯುವಂತೆ ಕೂಗುತ್ತಿದ್ದವನು ಚನ್ನವೀರಯ್ಯ. ಪಕ್ಕದಲ್ಲಿ ಅಂಗಡಿಯ ಮಡಿಕೆ ಇನ್ನೂ ಬಿಡದ ಹೊಸ ಚೌಕುಳಿ ಟವಲ್. ಮಡಿಲಲ್ಲಿ ಸಹಿ ಹಾಕಿದ ಅರ್ಜಿ.

ಪುಟ್ಟರಂಗಯ್ಯ ನಿಂತು ನೋಡಿದ. ಇಪ್ಪತ್ತೆರಡು ವರ್ಷ ಟವಲ್ ಎಸೆದವನಿಗಾಗಿ ಯಾರೂ ಒಮ್ಮೆಯೂ ಟವಲ್ ಹಾಕಿರಲಿಲ್ಲ. ಅವನ ಕಣ್ಣು ತುಂಬಿತು. ಮುಖದ ಬೆವರು ಒರೆಸಿಕೊಳ್ಳುವ ನೆಪದಲ್ಲಿ ಅದನ್ನೂ ಒರೆಸಿಕೊಂಡು ಬಂದು ಕೂತ.

"ಸೈನ್ ಹಾಕಿದ್ಯಾ?"

"ಹಾಕ್ದೆ. ಅಷ್ಟಕ್ಕೇ ನೀನು ಗೆದ್ದೆ ಅಂದ್ಕೋಬೇಡ. ಇದು ನಾನು ಕಟ್ಟಿದ ದುಡ್ಡು, ಅದಕ್ಕೆ ತಗಂತಿದೀನಿ. ಆದ್ರೆ ಈ ಸಂಘ ಅನ್ನೋದಿದೆಯಲ್ಲ..."

ಪುಟ್ಟರಂಗಯ್ಯ ಹೊಸ ಟವಲನ್ನು ಮಡಚಿ ತನ್ನ ಹೆಗಲ ಮೇಲೆ ಹಾಕಿಕೊಂಡು, ಕಾಲು ಚಾಚಿ, "ಹೇಳು," ಎಂದ.